ಮಾತಿನ ತೊಂದರೆ ಇರುವವರ ಟ್ರಸ್ಟ್‌ಗೆ ಕಂಪನಿಯ ಹಣ: ಒಪ್ಪಬಹುದಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮಾತಿನ ತೊಂದರೆ ಇರುವವರಿಗಾಗಿ ಸಣ್ಣ ಟ್ರಸ್ಟ್ ನಡೆಸುತ್ತಿದ್ದೀರಿ. ಒಂದು ಕಂಪನಿ ಪ್ರಾಯೋಜಕತ್ವಕ್ಕೆ ಮುಂದೆ ಬಂದಿದೆ, ಎಲ್ಲ ಕಡೆ ತನ್ನ ಲೋಗೋ ಬೇಕು ಅನ್ನುತ್ತಿದೆ. ಒಪ್ಪಬಹುದಾ ಅಂತ ಕೇಳಿದ್ದೀರಿ.

ನಾನು ಕುಂಬಳೆಯವಳು, ಇಂಥದ್ದೇ ಒಂದು ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಒಪ್ಪಿ, ಆದರೆ ಹಣ ಥೆರಪಿಸ್ಟ್ ಸಂಬಳಕ್ಕೆ ಬರಬೇಕು, ಕೆಲವು ವರ್ಷ ನಿಲ್ಲದೆ ಬರಬೇಕು.

ಇದು ಸಿಎಸ್‌ಆರ್ ಹಣವೋ (ಕಂಪನಿ ಸಮಾಜದ ಕೆಲಸಕ್ಕೆ ಕಾನೂನಿನಂತೆ ತೆಗೆದಿಡುವ ಹಣ) ಜಾಹೀರಾತಿನ ಹಣವೋ ಅಂತ ಮೊದಲೇ ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 5 ಕೋಟಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆರೋಗ್ಯ, ವಿಶೇಷ ಶಿಕ್ಷಣ ಎರಡೂ ಅದರ ಪಟ್ಟಿಯಲ್ಲಿವೆ. ಆದರೆ ತನ್ನ ಸರಕಿನ ಪ್ರಚಾರಕ್ಕೆಂದು ಕೊಟ್ಟ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಬರುವುದಿಲ್ಲ. ಇದು ನಿಯಮದಲ್ಲೇ ಇದೆ, ಹಾಗಾಗಿ ಲೋಗೋ ವಿಷಯದಲ್ಲಿ ನೀವು ಧೈರ್ಯವಾಗಿ ಮಾತಾಡಬಹುದು. ನಿಮ್ಮ ಕಡೆಯಿಂದ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಮತ್ತು 3 ವರ್ಷ ಕೆಲಸ ಮಾಡಿದ ದಾಖಲೆ ಸಿದ್ಧವಿರಲಿ.

ಕಂಪನಿಗಳಿಗೆ ಯಂತ್ರ, ಕಟ್ಟಡ, ವೇದಿಕೆ ಕಾರ್ಯಕ್ರಮ ಇಷ್ಟ. ಫೋಟೋ ಚೆನ್ನಾಗಿ ಬರುತ್ತದೆ ಅಲ್ವಾ. ಆದರೆ ಪಾರ್ಶ್ವವಾಯು ಬಡಿದು ಮಾತು ನಿಂತವರಿಗೂ, ಆಟಿಸಂ ಇರುವ ಮಗುವಿಗೂ ಬೇಕಾದದ್ದು ವಾರ ವಾರ ಜೊತೆಗೆ ಕೂರುವ ಮನುಷ್ಯರು. ನಮ್ಮಲ್ಲಿ ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳಂ. ಮಗುವಿನ ಮನೆ ಮಾತು ಬಲ್ಲ ಥೆರಪಿಸ್ಟ್ ಸಿಗುವುದೇ ಕಷ್ಟ. ಸಿಕ್ಕವರು, ಇಂಥ ಥೆರಪಿಸ್ಟ್‌ಗಳ ನೋಂದಣಿ ಮಾಡುವ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು, ಸಂಬಳ ಸರಿಯಿಲ್ಲ ಅಂತ ಮಂಗಳೂರಿಗೆ ಹೋಗಿಬಿಡುತ್ತಾರೆ. ಮಗು ಮತ್ತೆ ಹೊಸಬರಿಗೆ ಒಗ್ಗಿಕೊಳ್ಳಬೇಕು. ಅದನ್ನು ನೋಡುವುದಕ್ಕೇ ಸಂಕಟವಾಗುತ್ತದೆ.

ಆದ್ದರಿಂದ ಇದನ್ನು ಮುಂದುವರಿಯುವ ಯೋಜನೆ ಅಂತಲೇ ಮಂಡಿಸಿ. ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷದವರೆಗೆ ನಡೆಸಲು ಸಿಎಸ್‌ಆರ್ ನಿಯಮದಲ್ಲಿ ಅವಕಾಶವಿದೆ.

ಫೋಟೋ ವಿಷಯದಲ್ಲಿ ಮಾತ್ರ ಸ್ವಲ್ಪವೂ ಬಗ್ಗಬೇಡಿ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ವಿಚಾರದಲ್ಲಿ ನಮ್ಮ ಜಿಲ್ಲೆಯ ಎಣ್ಮಕಜೆ ಕಡೆಯ ಮಕ್ಕಳ ಚಿತ್ರ ದೇಶವೆಲ್ಲ ಸುತ್ತಿದ್ದನ್ನು ನಾವು ನೋಡಿದ್ದೇವೆ. ಬೇಡ ಅಂತ ಬಾಯಿಬಿಟ್ಟು ಹೇಳಲಾಗದ ಮಗುವನ್ನು ಬ್ಯಾನರ್ ಪಕ್ಕ ನಿಲ್ಲಿಸುವುದು ತಪ್ಪು. ಹೆತ್ತವರು ಒಪ್ಪಿದರೂ ಮಗು ಮುಖ ತಿರುಗಿಸಿದರೆ, ಅಳತೊಡಗಿದರೆ ಕ್ಯಾಮೆರಾ ಒಳಗಿಡಬೇಕು. ವರದಿಯಲ್ಲಿ, ನಿಮ್ಮ ಬೋರ್ಡಿನಲ್ಲಿ ಕಂಪನಿಯ ಹೆಸರು ಇರಲಿ, ಅಷ್ಟು ಸಾಕು. ಥೆರಪಿ ಕೋಣೆಯ ಗೋಡೆ ಖಾಲಿ ಬಿಡಿ. ಗಮನ ಬೇಗ ಚದುರುವ ಮಕ್ಕಳು ಅಲ್ಲಿ ಕೂರುತ್ತಾರೆ.

ಒಪ್ಪಂದದಲ್ಲಿ ಇನ್ನೆರಡು ಸಾಲು ಸೇರಿಸಿ. ಕಂತು ಮುಂಗಡವಾಗಿ ಬರಬೇಕು. ನಿಲ್ಲಿಸುವುದಾದರೆ 6 ತಿಂಗಳು ಮೊದಲೇ ಬರೆದು ತಿಳಿಸಬೇಕು. ಸಹಿ ಹಾಕುವ ಮೊದಲು ಜಿಎಸ್‌ಟಿ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ, ಯಾಕೆಂದರೆ ದಾನಕ್ಕೂ ಜಾಹೀರಾತಿಗೂ ತೆರಿಗೆ ಒಂದೇ ಥರ ಇರುವುದಿಲ್ಲ.