ಚಿಮ್ನಿಯನ್ನು ನಾವೇ ಗುಡಿಸಬಹುದೆ?

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಕಟ್ಟಿಗೆ ಒಲೆಯಿರುವ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಚಿಮ್ನಿಯನ್ನು ಶುಚಿ ಮಾಡಿಸಬೇಕೆಂದು ಆದೇಶಪತ್ರ ಬಂದಿದೆ. ಒಲೆ ಉರಿಸುವುದು ಚಳಿಗಾಲದಲ್ಲಿ ಮಾತ್ರ. ಕುಂಚ ತಂದು ನಾವೇ ಗುಡಿಸಿಕೊಂಡರೆ ಸಾಲದೆ?

— ಓದುಗರೊಬ್ಬರು, ಸ್ಟುಟ್‌ಗಾರ್ಟ್

ಉತ್ತರ: ಸಾಲದು. ಯಾವ ಕೆಲಸ ಯಾವ ಅವಧಿಯೊಳಗೆ ಮುಗಿಯಬೇಕೆಂಬುದು ಆ ಪತ್ರದಲ್ಲೇ ಇರುತ್ತದೆ. ಅದನ್ನು ಅರ್ಹ ಕಸುಬುದಾರರಿಂದಲೇ ಮಾಡಿಸಿ ದಾಖಲೆ ಒಪ್ಪಿಸುವುದು ಮನೆಯ ಒಡೆಯರ ಹೊಣೆ. ಮೊದಲು ಆಯಾ ಪ್ರದೇಶಕ್ಕೆ ನೇಮಕವಾದವರನ್ನೇ ಕರೆಯಬೇಕಿತ್ತು. 2013ರಿಂದ ಗುಡಿಸುವ ಕೆಲಸಕ್ಕೆ ಬೇರೆ ಅರ್ಹರನ್ನೂ ಆರಿಸಿಕೊಳ್ಳಬಹುದಾದ್ದರಿಂದ ಒಂದೆರಡು ಕಡೆ ದರ ವಿಚಾರಿಸುವುದು ಒಳ್ಳೆಯದು. ಏಳು ವರ್ಷಗಳಲ್ಲಿ ಎರಡು ಬಾರಿ ನಡೆಯುವ ಒಲೆ ತಪಾಸಣೆ ಮಾತ್ರ ನೇಮಕಗೊಂಡವರದೇ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಸಿ ಕಟ್ಟಿಗೆ ಕಮರಿ ಉರಿದಾಗ ಹೊಗೆಯಲ್ಲಿನ ಟಾರು ತಣ್ಣನೆಯ ಕೊಳವೆಯ ಒಳಗೋಡೆಗೆ ಅಂಟಿ ಗಟ್ಟಿಯಾಗುತ್ತದೆ; ಅದಕ್ಕೆ ಕಿಡಿ ತಗುಲಿದರೆ ಕೊಳವೆಯೊಳಗಿನ ತಾಪ 1000 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಆಗ ನೀರು ಸುರಿಯಲೇಬೇಡಿ: ನೀರು ಒಮ್ಮೆಲೇ ಆವಿಯಾಗಿ ಚಿಮ್ನಿಯನ್ನೇ ಸೀಳಬಲ್ಲದು, ಅಗ್ನಿಶಾಮಕ ದಳವನ್ನು 112ಕ್ಕೆ ಕರೆಯಿರಿ. ಕೊಳವೆ ಕಟ್ಟಿಕೊಂಡರೆ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಮರಳುತ್ತದೆ. ಅಂದ ಹಾಗೆ, ಚಿಮ್ನಿ ಗುಡಿಸುವವರು ಎದುರಾಗುವುದು ಅಲ್ಲಿ ಶುಭಶಕುನ; ಬಂದವರಿಂದ ಕಟ್ಟಿಗೆಯ ತೇವವನ್ನೂ ಅಳೆಸಿಕೊಳ್ಳಿ, ಅದು ಶೇ 25ಕ್ಕಿಂತ ಕಡಿಮೆ ಇರಬೇಕೆಂಬುದೂ ಅಲ್ಲಿನ ನಿಯಮವೇ.