ಕಲಬುರಗಿಯಲ್ಲಿ ಸಿನಿಮಾ ಮಾಡೋಕೆ ಕಲಾವಿದರು, ತಂತ್ರಜ್ಞರನ್ನೆಲ್ಲ ಬೆಂಗಳೂರಿನಿಂದಲೇ ಕರೆಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಚಿತ್ತಾಪುರ ಕಡೆಯ ಒಂದು ರೈತ ಕುಟುಂಬದ ಕಥೆ ಬರೆದಿಟ್ಟುಕೊಂಡಿದ್ದೀರಿ. ಎರಡು ಗಂಟೆಯ ಸಿನಿಮಾ. ಕೈಯಲ್ಲಿ ದುಡ್ಡು ಕಡಿಮೆ. ಯಾರ್ಯಾರು ಬೇಕು, ಅವರಲ್ಲಿ ಎಷ್ಟು ಜನ ಇಲ್ಲೇ ಸಿಗ್ತಾರೆ ಅನ್ನೋದು ನಿಮ್ಮ ಚಿಂತೆ.

ನಾನಿರೋದು ಕಲಬುರಗಿಯಲ್ಲೇ, ನಾಟಕದಿಂದ ಬಂದವನು. ಹೊರಗಿನ ಯೂನಿಟ್‌ಗಳು ಈ ಕಡೆ ಬಂದಾಗ ಕಲಾವಿದರನ್ನು ಹುಡುಕಿಕೊಡುವುದು, ಸಂಭಾಷಣೆಯನ್ನು ಇಲ್ಲಿಯ ಮಾತಿಗೆ ತಿದ್ದುವುದು ನನ್ನ ಕೆಲಸ. ನನ್ನ ಉತ್ತರ ಇಷ್ಟೇ: ಕ್ಯಾಮೆರಾ ಮುಂದೆ ನಿಲ್ಲುವವರು ಇಲ್ಲಿಯವರೇ ಇರಲಿ. ಹೊರಗಿನಿಂದ ಒಬ್ಬರನ್ನು ಕರೆಸುವಷ್ಟೇ ದುಡ್ಡಿದ್ದರೆ, ಮೊದಲು ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್‌ನ ಕರೆಸಿ. ಕ್ಯಾಮೆರಾಮನ್ ಮಾತು ಆಮೇಲೆ.

ಯಾಕೆ ಅಂದ್ರೆ, ನಿಮ್ಮ ಕಥೆಯ ಜೀವ ಇರೋದೇ ಮಾತಿನಲ್ಲಿ. ನಮ್ಮಲ್ಲಿ ಎಷ್ಟೋ ಸಿನಿಮಾಗಳು ಶೂಟಿಂಗ್ ಹೊತ್ತಿಗೆ ಪೈಲಟ್ ಟ್ರ್ಯಾಕ್ (ಗುರುತಿಗಷ್ಟೇ ಇರುವ ಒರಟು ದನಿ) ಮಾತ್ರ ಹಿಡಿದುಕೊಂಡು, ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುತ್ತವೆ. ಅಭ್ಯಾಸ ಇರುವ ನಟರಿಗೆ ಅದು ಸಲೀಸು. ಆದರೆ ಹೊಲದಲ್ಲಿ ನಿಂತು ಚೆಂದ ಮಾತಾಡಿದ ಅಜ್ಜಿಯನ್ನು ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನಿಲ್ಲಿಸಿ, ತುಟಿಗೆ ಸರಿಯಾಗಿ ಹೇಳವ್ವ ಅಂದ್ರೆ ಆಗುತ್ತಾ? ಕೊನೆಗೆ ಬೇರೆ ಯಾರದೋ ದನಿ ಹಾಕಿ ಮುಗಿಸುತ್ತಾರೆ.

ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ಹಾಗೇ ಆಯಿತು. ಆಳಂದ ತಾಲೂಕಿನ ಒಬ್ಬ ಅವ್ವ ತಾಯಿಯ ಪಾತ್ರ ಮಾಡಿದ್ದರು. ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಲ್ಲುವ ದೃಶ್ಯ. ಬರೆದುಕೊಟ್ಟ ಮಾತು ಬಿಗಿಯಾಗಿತ್ತು. ಅವರು ಅದನ್ನು ಪಕ್ಕಕ್ಕಿಟ್ಟು, "ಕುಂದರ್ರಿ. ಮೊದಲ ಚಾ ಕುಡೀರಿ. ರೊಕ್ಕ ಎಲ್ಲಿಗಿ ಓಡಿ ಹೋಗ್ತದ?" ಅಂದರು. ಸೆಟ್‌ನಲ್ಲಿ ಇದ್ದವರೆಲ್ಲ ಅವರನ್ನೇ ನೋಡುತ್ತಾ ನಿಂತುಬಿಟ್ಟೆವು. ಸಿನಿಮಾ ತಯಾರಾಗಿ ಬಂದಾಗ ಮುಖ ಅವರದು, ದನಿ ಬೇರೆಯವರದು. ಮಾತೂ ಧಾರವಾಡದ ಕಡೆ ಜಾರಿತ್ತು. ಪಕ್ಕದಲ್ಲಿ ಕೂತಿದ್ದ ಅವ್ವ ನನ್ನನ್ನು ಕೇಳಿದರು: "ಈಕಿ ಯಾರ್ ಮಾತಾಡ್ಲಾಕತ್ತಾಳ?" ಅವತ್ತಿನಿಂದ ನಾನು ಸಿಂಕ್ ಸೌಂಡ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ.

ಸಿಂಕ್ ಸೌಂಡ್ ಅಂದ್ರೆ ಶೂಟಿಂಗ್ ಜಾಗದಲ್ಲೇ ಮಾತನ್ನು ಚೊಕ್ಕವಾಗಿ ರೆಕಾರ್ಡ್ ಮಾಡಿ, ಅದನ್ನೇ ಚಿತ್ರದಲ್ಲಿ ಉಳಿಸಿಕೊಳ್ಳುವುದು. ತಂಡ ದೊಡ್ಡದೇನಲ್ಲ. ರೆಕಾರ್ಡಿಸ್ಟ್, ಬೂಮ್ (ಉದ್ದನೆ ಕೋಲಿನ ತುದಿಯ ಮೈಕ್) ಹಿಡಿಯುವವರು, ಒಬ್ಬ ಸಹಾಯಕ. ಬೂಮ್ ಹಿಡಿಯೋದನ್ನು ಸುಮ್ನೆ ಕೋಲು ಹಿಡಿಯೋ ಕೆಲಸ ಅಂದುಕೊಳ್ಳಬೇಡಿ. ಮೈಕ್ ಫ್ರೇಮಿನ ಒಳಗೆ ಇಳಿಯಬಾರದು, ನೆರಳು ಗೋಡೆಗೆ ಬೀಳಬಾರದು, ಮಾತು ಯಾರಿಂದ ಯಾರ ಕಡೆ ಹೊರಳುತ್ತೋ ಆ ಕಡೆ ಕೋಲು ಮೊದಲೇ ತಿರುಗಿರಬೇಕು. ಅದಕ್ಕೆ ಸಂಭಾಷಣೆ ಪೂರ್ತಿ ಬಾಯಿಪಾಠ ಇರಬೇಕು. ಈ ಜಾಗಕ್ಕೆ ಇಲ್ಲಿಯ ಮಾತು ಗೊತ್ತಿರುವ ಹುಡುಗ ಅಥವಾ ಹುಡುಗಿಯನ್ನು ಹಾಕಿಕೊಂಡು, ರೆಕಾರ್ಡಿಸ್ಟ್ ಕೈಯಲ್ಲೇ ಕಲಿಸಿ.

ನಮ್ಮ ಕಡೆ ಮನೆಗಳದ್ದೇ ಒಂದು ತೊಡಕಿದೆ. ನೆಲಕ್ಕೆ ಶಹಾಬಾದ್ ಫರಸಿ, ಎಷ್ಟೋ ಹಳೆ ಮನೆಗಳಲ್ಲಿ ಗೋಡೆಗೂ ಕಲ್ಲೇ. ಕಣ್ಣಿಗೆ ಬಹಳ ಚೆಂದ. ಮಾತಾಡಿದರೆ ಮಾತ್ರ ಗುಂಯ್ ಅಂತ ತಿರುಗಿ ಬರುತ್ತೆ. ಆ ಗುಂಯ್ ಒಮ್ಮೆ ರೆಕಾರ್ಡ್ ಆಯಿತೋ, ಎಡಿಟಿಂಗ್‌ನಲ್ಲಿ ತೆಗೆಯೋದು ಭಾರಿ ಕಷ್ಟ. ಇದಕ್ಕೆ ನಾವು ಮಾಡೋದು ಕೌದಿ. ಓಣಿಯ ಮನೆಗಳಿಂದ ಕೌದಿ ಕೇಳಿ ತಂದು, ಫ್ರೇಮಿನಲ್ಲಿ ಕಾಣದ ಗೋಡೆಗೆ ಹಗ್ಗ ಕಟ್ಟಿ ಇಳಿಬಿಡುತ್ತೇವೆ, ಕ್ಯಾಮೆರಾ ಹಿಂದಿನ ನೆಲಕ್ಕೂ ಹಾಸುತ್ತೇವೆ. ಹಳೆ ಸೀರೆ, ಧೋತ್ರ ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಬಟ್ಟೆ ಅಲ್ವಾ, ಸದ್ದು ಚೆನ್ನಾಗಿ ಹೀರಿಕೊಳ್ಳುತ್ತೆ. ದೃಶ್ಯ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಮೂಕರಂತೆ ನಿಂತು, ಆ ಕೋಣೆಯ ಖಾಲಿ ಸದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವಿನ ಖಾಲಿ ಜಾಗ ತುಂಬೋಕೆ ಅದು ಬೇಕು, ಎಡಿಟರ್ ನಿಮಗೆ ಕೈ ಮುಗಿಯುತ್ತಾರೆ.

ಜನರೇಟರ್ ವ್ಯಾನ್ ದೂರ ನಿಲ್ಲಬೇಕು, ಅದಕ್ಕೆ ಉದ್ದನೆ ಕೇಬಲ್ ಬೇಕು ಅಂತ ಲೈಟಿಂಗ್‌ನವರಿಗೆ ಮೊದಲೇ ಹೇಳಿ. ಗುಡಿ, ಮಸೀದಿಯ ಮೈಕ್ ಹೊತ್ತು ಕೇಳಿಕೊಂಡು ಕಾಲ್‌ಶೀಟ್‌ನಲ್ಲೇ (ಆ ದಿನದ ಶೂಟಿಂಗ್ ವೇಳಾಪಟ್ಟಿ) ಬರೆದಿಡಿ. ಊರ ಹಿರಿಯರನ್ನು ಮೊದಲೇ ಕಂಡು ಮಾತಾಡಿದರೆ ಅವರೇ ಟ್ರ್ಯಾಕ್ಟರ್ ನಿಲ್ಲಿಸಿ ಕೊಡುತ್ತಾರೆ. ಫ್ಯಾನ್ ಅಂತೂ ಹಾಕುವ ಹಾಗಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 42 ಡಿಗ್ರಿ ದಾಟುತ್ತೆ. ಫ್ಯಾನ್ ಇಲ್ಲದ ಕೋಣೆಯಲ್ಲಿ ವಯಸ್ಸಾದವರನ್ನು ಕೂರಿಸಿ ಟೇಕ್ ಮೇಲೆ ಟೇಕ್ ತಗೊಳ್ಳೋದು ತಪ್ಪು. ಒಳಾಂಗಣದ ದೃಶ್ಯಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಆದರೆ ಚಳಿಗಾಲ ಅಂದ ತಕ್ಷಣ ತೊಗರಿಯ ಪ್ರಶ್ನೆ ಬರುತ್ತೆ. ನಿಮ್ಮ ಕಥೆ ರೈತನದು, ಹೊಲ ತೊಗರಿಯದೇ ಇರಬೇಕು. ಮುಂಗಾರಿಗೆ ಬಿತ್ತಿದ್ದು ಮಳೆಗಾಲ ಮುಗಿಯುವಾಗ ಹಸಿರಾಗಿ ಎದೆಯೆತ್ತರ ಇರುತ್ತೆ, ಆಮೇಲೆ ಹಳದಿ ಹೂವು, ಡಿಸೆಂಬರ್ ಹೊತ್ತಿಗೆ ಕಾಯಿ ಒಣಗಿ ಕಂದು ಬಣ್ಣ, ಜನವರಿ ಅಷ್ಟರಲ್ಲಿ ಕೊಯ್ಲು. ಒಂದೇ ಮುಂಜಾನೆಯ ದೃಶ್ಯವನ್ನು ಅರ್ಧ ನವೆಂಬರ್‌ನಲ್ಲಿ, ಅರ್ಧ ಜನವರಿಯಲ್ಲಿ ತೆಗೆದರೆ ಬೆಂಗಳೂರಿನ ಪ್ರೇಕ್ಷಕರಿಗೆ ಗೊತ್ತಾಗದೇ ಇರಬಹುದು, ಸೇಡಂನ ರೈತ ಮಾತ್ರ ಥಿಯೇಟರ್‌ನಲ್ಲೇ ನಗುತ್ತಾನೆ. ಹಾಗಾಗಿ ಕಂಟಿನ್ಯುಟಿ, ಅಂದ್ರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಲ್ಲ ಹೊಂದುತ್ತಾ ಅಂತ ನೋಡುವ ಅಸಿಸ್ಟೆಂಟ್ ಡೈರೆಕ್ಟರ್ ಒಕ್ಕಲುತನ ಗೊತ್ತಿರುವ ಮನೆಯವರಾಗಿರಲಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ, ಅಲ್ಲಿಯ ಹಳ್ಳಿ ಹುಡುಗ ಹುಡುಗಿಯರನ್ನು ವಿಚಾರಿಸಿ.

ಇನ್ನು ನಟರು. ಸರ್ಕಾರದ ನಾಟಕ ಸಂಸ್ಥೆ ರಂಗಾಯಣದ ಒಂದು ಘಟಕ ಕಲಬುರಗಿಯಲ್ಲೇ ಇದೆ. ಆಕಾಶವಾಣಿಯ ನಾಟಕಗಳಲ್ಲಿ ದನಿ ಕೊಟ್ಟವರಿದ್ದಾರೆ, ದೊಡ್ಡಾಟ, ಕಂಪನಿ ನಾಟಕ ಮಾಡಿದವರಿದ್ದಾರೆ. ರೇಡಿಯೋ ನಾಟಕ ಮಾಡಿದವರು ಮೈಕ್ ಮುಂದೆ ಮೆಲ್ಲಗೆ ಮಾತಾಡಬಲ್ಲರು, ಸಿಂಕ್ ಸೌಂಡ್‌ಗೆ ಅವರು ಬೇಗ ಹೊಂದಿಕೊಳ್ಳುತ್ತಾರೆ. ಕಂಪನಿ ನಾಟಕದವರ ದನಿ ಕೊನೆಯ ಸಾಲಿಗೆ ಕೇಳುವ ಹಾಗೆ ಪಳಗಿರುತ್ತೆ, ಅದನ್ನು ಇಳಿಸೋಕೆ ದಿನ ಬೇಕು. ಅವರನ್ನು ಬಿಡಬೇಡಿ ಮಾತ್ರ. ಅವರಿಗಿರುವ ಹೊತ್ತಿನ ಲೆಕ್ಕ, ಎದುರಿನವರ ಮಾತಿಗೆ ಕಾಯುವ ಗುಣ ಬೇರೆ ಕಡೆ ಸಿಗಲ್ಲ.

ಹಿಂದೆ ನಟನೆ ಮಾಡದ ಹಳ್ಳಿಯವರನ್ನು ಹಾಕುವುದಾದರೆ ಕೈಗೆ ಸ್ಕ್ರಿಪ್ಟ್ ಕೊಡಬೇಡಿ. ಸನ್ನಿವೇಶ ಹೇಳಿ, ಅವರ ಮಾತಲ್ಲೇ ಆಡಿಸಿ, ಆಮೇಲೆ ಬೇಕಾದ್ದನ್ನು ಉಳಿಸಿಕೊಳ್ಳಿ. 'ತಿಥಿ' ಚಿತ್ರ ನೋಡಿದ್ದೀರಲ್ಲ. ರಾಮ್ ರೆಡ್ಡಿ 2015ರ ಆ ಚಿತ್ರದಲ್ಲಿ ಮಂಡ್ಯ ಕಡೆಯ ಹಳ್ಳಿಯವರನ್ನೇ ಹಾಕಿದರು. ಚಿತ್ರಕಥೆಯಲ್ಲಿ ಜೊತೆಯಾದ ಈರೇಗೌಡರು ಆ ಊರಿನವರೇ. ನನಗೆ ಅದರಲ್ಲಿ ಮುಖ್ಯ ಅನ್ನಿಸೋದು ಇದೇ. ಊರಿನವರನ್ನು ಕರೆತಂದರೆ ಸಾಲದು, ಊರು ಬಲ್ಲವರು ಬರೆಯುವ ಜಾಗದಲ್ಲೂ ಇರಬೇಕು. ನಿಮ್ಮ ಕಥೆಯಲ್ಲಿ ಬೀದರ್ ಕಡೆಯ ಸೊಸೆ ಅಥವಾ ಸುರಪುರದ ಅಳಿಯ ಬಂದರೆ ಅವರ ಮಾತು ಬೇರೆ ಥರ ಇರಬೇಕು. ಬೀದರ್‌ನಲ್ಲಿ ಮರಾಠಿ, ಉರ್ದು ಬೆರೆಯೋದು ಜಾಸ್ತಿ, ಯಾದಗಿರಿಯ ಗಡಿಯಲ್ಲಿ ತೆಲುಗು. ಒಬ್ಬರೇ ಕೂತು ಎಲ್ಲರಿಗೂ ಒಂದೇ 'ಉತ್ತರ ಕರ್ನಾಟಕ ಭಾಷೆ' ಬರೆದರೆ ಯಾರ ಮಾತೂ ಆಗಲ್ಲ.

ಮಕ್ಕಳ ಪಾತ್ರ ಇದ್ದರೆ ಇದನ್ನು ಗಮನವಿಟ್ಟು ಓದಿ. 14 ವರ್ಷದೊಳಗಿನ ಮಗು ನಟಿಸುವುದಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಿಶ್ರಾಂತಿ ಕೊಡದೆ ಒಂದೇ ಸಮನೆ 3 ಗಂಟೆಗಿಂತ ಜಾಸ್ತಿ ನಿಲ್ಲಿಸುವ ಹಾಗಿಲ್ಲ. ಮಗುವಿನ ಸಂಭಾವನೆಯಲ್ಲಿ ಕನಿಷ್ಠ 20 ಶೇಕಡಾ ಅದರ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. 2017ರ ನಿಯಮ ಇದು. ಎತ್ತು, ಎಮ್ಮೆ, ಕುರಿ ಫ್ರೇಮಿನಲ್ಲಿ ಕಾಣಿಸಿದರೂ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪತ್ರ ಬೇಕಾಗುತ್ತೆ, ಸೆನ್ಸಾರ್ ಹೊತ್ತಿಗೆ ಅದನ್ನು ಕೇಳುತ್ತಾರೆ. ರೈತನ ಕಥೆಯಲ್ಲಿ ಎತ್ತು ಇಲ್ಲದ ದೃಶ್ಯವೇ ಕಡಿಮೆ, ಹಾಗಾಗಿ ಶೂಟಿಂಗ್‌ಗೆ ಮೊದಲೇ ಅರ್ಜಿ ಹಾಕಿ. ಈ ಕಾಗದಗಳಿಗಂತಲೇ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಇರಲಿ. ಆ ಮನುಷ್ಯನಿಗೆ ನಮ್ಮ ಕಚೇರಿಗಳ ಮೆಟ್ಟಿಲು ಗೊತ್ತಿರಬೇಕು.

ಉಳಿದವರ ಬಗ್ಗೆ ಚುಟುಕಾಗಿ ಹೇಳ್ತೀನಿ. ಕ್ಯಾಮೆರಾ, ಲೆನ್ಸ್, ಲೈಟು ಬಾಡಿಗೆಗೆ ಹೈದರಾಬಾದ್ ಕಡೆ ನೋಡಿ, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಕ್ಯಾಮೆರಾಮನ್ ಯಾರೇ ಆಗಲಿ, ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಕಪ್ಪು ಮಣ್ಣಿನ ಮೇಲೆ ಮುಖಗಳನ್ನು ತೆಗೆಯಲ್ಲ ಅಂತ ಮೊದಲೇ ಒಪ್ಪಿಕೊಳ್ಳಿ. ಬೆಳಿಗ್ಗೆ ಬೇಗ, ಸಂಜೆ ನಾಲ್ಕರ ಮೇಲೆ ತೆಗೆಯಿರಿ. ಕಾಸ್ಟ್ಯೂಮ್‌ಗೆ ಹೊಸ ಸೀರೆ ತಂದು ಮಾಸಲು ಮಾಡಬೇಡಿ. ಊರಿನ ಹೆಣ್ಣುಮಕ್ಕಳಿಗೆ ಹೊಸದು ಕೊಟ್ಟು, ಅವರು ಉಟ್ಟು ಹಳತಾದ ಇಳಕಲ್ ಸೀರೆ ತಗೊಳ್ಳಿ. ಮೇಕಪ್ ಕಡಿಮೆ ಇರಲಿ. ಎಡಿಟಿಂಗ್, ಡಿಐ (ಚಿತ್ರದ ಬಣ್ಣ ತಿದ್ದುವ ಕೆಲಸ), ಸೌಂಡ್ ಮಿಕ್ಸಿಂಗ್ ಬೆಂಗಳೂರಿನಲ್ಲೇ ಮಾಡಿಸಿ, ಅಲ್ಲಿ ಮಾತ್ರ ಜಿಪುಣತನ ಬೇಡ.

ಪೋಸ್ಟರ್ ಕೂಡ ಇಲ್ಲಿಯವರ ಕೈಯಲ್ಲೇ ಬರೆಸಿ. ನಮ್ಮ ಊರಿನ ರಂಗಮಂದಿರಕ್ಕೆ ಹೆಸರಾದ ಎಸ್.ಎಂ. ಪಂಡಿತರು ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್‌ಗಳಲ್ಲಿ ಹೆಸರು ಮಾಡಿದ ಚಿತ್ರಕಾರರು. ಸಿನಿಮಾ ಅಂದ್ರೆ ನಮ್ಮದಲ್ಲ ಅಂದುಕೊಳ್ಳುವ ಹುಡುಗರಿಗೆ ನಾನು ಯಾವಾಗಲೂ ಅವರ ಹೆಸರು ಹೇಳ್ತೀನಿ.

ದುಡ್ಡಿನ ವಿಷಯದಲ್ಲಿ ಎರಡು ಮಾತು. ಬಾಟಾ (ದಿನದ ಭತ್ಯೆ) ಆಯಾ ದಿನ ಸಂಜೆಯೇ ಕೈಗೆ ಕೊಡಿ, ನಾಳೆ ಅನ್ನಬೇಡಿ. ಕೂಲಿ ಬಿಟ್ಟು ಬಂದವರು ಇರ್ತಾರೆ. ಮತ್ತೆ ಟೈಟಲ್‌ನಲ್ಲಿ ಎಲ್ಲರ ಹೆಸರೂ ಬರಲಿ. ಕೌದಿ ಕೊಟ್ಟ ಮನೆಯವರದ್ದೂ, ಟ್ರ್ಯಾಕ್ಟರ್ ನಿಲ್ಲಿಸಿದವರದ್ದೂ. ಹೆಸರು ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ, ಬರೆದುಕೊಳ್ಳಿ.

ಮೊದಲ ಹೆಜ್ಜೆ ಸುಲಭ. ನಿಮ್ಮ ಸ್ಕ್ರಿಪ್ಟ್‌ನ ಒಂದು ದೃಶ್ಯ ತಗೊಂಡು ನಿಮ್ಮ ಓಣಿಯ ಇಬ್ಬರ ಕೈಲಿ ಆಡಿಸಿ, ಫೋನ್‌ನಲ್ಲೇ ರೆಕಾರ್ಡ್ ಮಾಡಿ. ಕಣ್ಣು ಮುಚ್ಚಿ ಕೇಳಿ. ಎಲ್ಲಿ ಅವರು ತಡವರಿಸುತ್ತಾರೋ ಅಲ್ಲಿ ಸಂಭಾಷಣೆ ತಿದ್ದಿ. ಅದಾದ ಮೇಲೆ, ಶೂಟಿಂಗ್ ಯಾವ ತಿಂಗಳು, ಮುಖ್ಯ ಪಾತ್ರಗಳ ವಯಸ್ಸು ಎಷ್ಟು ಅಂತ ಇಲ್ಲೇ ಕೆಳಗೆ ಬರೆಯಿರಿ. ಯಾರನ್ನು ಎಲ್ಲಿ ಹೋಗಿ ಕಾಣಬೇಕು ಅಂತ ಹೇಳ್ತೀನಿ.