ಓದುಗರ ಪ್ರಶ್ನೆ: ಅಫ್ಘಾನಿಸ್ತಾನದ ಅಫೀಮು ಏಕೆ ಬಗ್ಗಲಿಲ್ಲ?

ಪ್ರಶ್ನೆ: ಇಪ್ಪತ್ತು ವರ್ಷ ಅಮೆರಿಕದ ಸೇನೆ ಅಲ್ಲೇ ಇದ್ದರೂ ಅಫೀಮು ಬೆಳೆ ಹೆಚ್ಚಿತು. ದುಡ್ಡು ಸಾಲಲಿಲ್ಲವೇ? (ತುಮಕೂರಿನ ಓದುಗರೊಬ್ಬರು)

ದುಡ್ಡಿಗೇನೂ ಬರವಿರಲಿಲ್ಲ. 2002ರಿಂದ 2017ರವರೆಗೆ ಅಮೆರಿಕವೊಂದೇ ಅಫೀಮು ತಡೆಯುವ ಕೆಲಸಕ್ಕೆ ಸುಮಾರು 860 ಕೋಟಿ ಡಾಲರ್ ಸುರಿಯಿತು. ಅದೇ ಅವಧಿಯಲ್ಲಿ ಬೆಳೆ 74,000 ಹೆಕ್ಟೇರಿನಿಂದ 3,28,000ಕ್ಕೆ ಏರಿತು!

ಎಡವಿದ್ದು ಅಫೀಮನ್ನು ಬರೀ ಬೆಳೆ ಎಂದುಕೊಂಡಲ್ಲಿ. ದಕ್ಷಿಣದ ಹೆಲ್ಮಂಡ್, ಕಂದಹಾರ ಪ್ರಾಂತ್ಯಗಳ ರೈತನಿಗೆ ಸಾಲ ಹುಟ್ಟುತ್ತಿದ್ದದ್ದೇ ಅದರಿಂದ. 'ಸಲಾಂ' ಪದ್ಧತಿಯಲ್ಲಿ ವ್ಯಾಪಾರಿ ಕೊಯ್ಲಿಗೆ ತಿಂಗಳುಗಟ್ಟಲೆ ಮುಂಚೆಯೇ ಮುಂಗಡ ಕೊಡುತ್ತಿದ್ದ. ದರ ಪೇಟೆಯ ಬೆಲೆಯ ಹೆಚ್ಚುಕಡಿಮೆ ಅರ್ಧ. ತೀರಿಸಬೇಕಿದ್ದದ್ದು ಅಫೀಮಿನ ತೂಕದಲ್ಲಿ. ಗೋಧಿಯನ್ನು ನಂಬಿ ಹಾಗೆ ಕೈಬಿಚ್ಚಿ ಮುಂಗಡ ಕೊಡುವವರು ಯಾರೂ ಇರಲಿಲ್ಲ. ಕೂಲಿಯ ಲೆಕ್ಕವೂ ಹಾಗೆಯೇ: ಒಂದು ಹೆಕ್ಟೇರ್ ಗೋಧಿಗೆ ಒಬ್ಬ ಆಳಿನ ಸುಮಾರು 40 ದಿನದ ಕೆಲಸ ಸಾಕು, ಅಫೀಮಿಗೆ 350 ದಿನದ್ದು ಬೇಕು. ಕಾಯಿಯೊಂದೊಂದನ್ನೂ ಮಧ್ಯಾಹ್ನದ ಮೇಲೆ ಗೀರಿ, ಒಸರಿ ಗಟ್ಟಿಯಾದ ಹಾಲನ್ನು ಮರುದಿನ ಬೆಳಿಗ್ಗೆ ಕೆರೆದು ತೆಗೆಯಬೇಕು. ಅದೇ ಕಾಯಿಗೆ ಮತ್ತೆ ಮತ್ತೆ ಗೀರು. ಹೀಗಾಗಿ ಜಮೀನಿಲ್ಲದವನಿಗೆ ಪಾಲಿಗೆ ಹೊಲ ಸಿಗುತ್ತಿದ್ದದ್ದೂ ಅಫೀಮು ಬೆಳೆಯುತ್ತೇನೆ ಎಂದಾಗಲೇ.

ಪ್ರಶ್ನೆ: ಪರಿಹಾರ ಕೊಟ್ಟು ಬೆಳೆ ಕೀಳಿಸಬಹುದಿತ್ತಲ್ಲ? (ಸಾಗರದಿಂದ)

2002ರಲ್ಲಿ ಬ್ರಿಟನ್ ಅದನ್ನೇ ಮಾಡಿತು. ಒಂದು ಜೆರಿಬ್‌ಗೆ, ಅಂದರೆ ನಮ್ಮ ಅರ್ಧ ಎಕರೆಗೆ, 350 ಡಾಲರ್‌ವರೆಗೆ ಪರಿಹಾರ. ದುಡ್ಡು ಸ್ಥಳೀಯ ದೊರೆಗಳ ಕೈ ದಾಟಿ ರೈತನಿಗೆ ಪೂರ್ತಿ ಮುಟ್ಟಲಿಲ್ಲ. ಬೆಳೆದವನಿಗೆ ಪರಿಹಾರ ಸಿಗುತ್ತದೆಂದ ಮೇಲೆ ಬೆಳೆಯದವನೂ ಬೀಜ ಹುಡುಕಿದ.

ಆಮೇಲೆ ಬೆಳೆ ನಾಶದ ಹೊಣೆ ಅಲ್ಲಿನ ಪ್ರಾಂತ್ಯಗಳ ರಾಜ್ಯಪಾಲರಿಗೆ ಬಂತು, ಹೆಕ್ಟೇರಿಗೆ 135 ಡಾಲರ್ ಖರ್ಚು ಕೊಟ್ಟು. ಟ್ರ್ಯಾಕ್ಟರ್ ಹರಿದದ್ದು ಲಂಚಕ್ಕೆ ದುಡ್ಡಿಲ್ಲದವನ, ವಶೀಲಿ ಇಲ್ಲದವನ ಹೊಲದ ಮೇಲೆ. ಅವನ ಬೆಳೆ ಹೋಯಿತು, ಸಲಾಂ ಸಾಲ ಉಳಿಯಿತು. ಅದನ್ನು ತೀರಿಸಲು ಮುಂದಿನ ವರ್ಷ ಮತ್ತೆ ಅಫೀಮೇ ಗತಿ.

ಹೆಲ್ಮಂಡ್‌ನಲ್ಲಿ 2008ರಿಂದ ಗೋಧಿ ಬೀಜ, ಗೊಬ್ಬರ ಹಂಚಿದಾಗ ಕಾಲುವೆ ಬಯಲಿನಲ್ಲಿ ಅಫೀಮು ಇಳಿದದ್ದು ನಿಜ. ಆದರೆ ಗೋಧಿಗೆ ಪಾಲುಗಾರ ಬೇಕಿಲ್ಲವಲ್ಲ! ಹೊರಬಿದ್ದ ಕುಟುಂಬಗಳು ಬೋಘ್ರಾ ಕಾಲುವೆಯ ಉತ್ತರದ ಮರಳುಗಾಡಿಗೆ ಹೋಗಿ ಕೊಳವೆಬಾವಿ ಕೊರೆಸಿದವು. ಮೊದಲು ಡೀಸೆಲ್ ಪಂಪು, ಆಮೇಲೆ ಸೌರ ಪಂಪು. ಬಯಲಿನಿಂದ ಹೋದ ಬೆಳೆ ಮರಳುಗಾಡಿನಲ್ಲಿ ಬಂತು. 2017ರ ಕೊನೆಗೆ ಹೆರಾಯಿನ್ ಅಡ್ಡೆಗಳ ಮೇಲೆ ವಿಮಾನದಿಂದ ಬಾಂಬು ಹಾಕಿದ್ದಂತೂ ತೀರಾ ಬಾಲಿಶ. ಅಡ್ಡೆಯೆಂದರೆ ಮಣ್ಣಿನ ಗೋಡೆ, ಒಲೆ, ಒಂದಷ್ಟು ಡ್ರಮ್ಮು. ಮತ್ತೆ ಕಟ್ಟಲು ಎಷ್ಟು ದಿನ ಬೇಕು?

ಪ್ರಶ್ನೆ: ತಾಲಿಬಾನ್ ನಿಲ್ಲಿಸಿತಲ್ಲ, ಹಾಗಾದರೆ ಬಲಪ್ರಯೋಗ ಫಲಿಸುತ್ತದೆ ಎಂದಾಯಿತು? (ಬಳ್ಳಾರಿ)

ಎರಡು ಸಲ ನಿಲ್ಲಿಸಿತು. 2000ದ ನಿಷೇಧದಿಂದ ಬೆಳೆ 82,000 ಹೆಕ್ಟೇರಿನಿಂದ 8,000ಕ್ಕೆ ಕುಸಿಯಿತು. 2022ರ ನಿಷೇಧದ ನಂತರ 2,33,000ದಿಂದ 10,800ಕ್ಕೆ. ಹಳ್ಳಿ ಹಳ್ಳಿಯಲ್ಲೂ ತನ್ನವರಿರುವ ಆಡಳಿತಕ್ಕೆ ಇದು ಸಾಧ್ಯ, ಪರದೇಶದ ಸೇನೆಗಲ್ಲ. ಆದರೆ ಮೊದಲ ನಿಷೇಧದಲ್ಲಿ ಕಿಲೋ ಬೆಲೆ 28 ಡಾಲರಿನಿಂದ 301ಕ್ಕೆ ಹಾರಿತು. ಹತ್ತು ಕಿಲೋ ಅಫೀಮು ಬಾಕಿಯಿದ್ದವನ 280 ಡಾಲರ್ ಸಾಲ ಒಂದೇ ವರ್ಷದಲ್ಲಿ 3,010 ಆಯಿತು. ಲಾಭ ದಾಸ್ತಾನಿಟ್ಟವರಿಗೆ. 2024ರಲ್ಲಿ ಬೆಳೆ ಮತ್ತೆ 12,800ಕ್ಕೆ ಬಂದಿತ್ತು, ಹೆಚ್ಚು ಪಾಲು ಈಶಾನ್ಯದ ಬದಕ್ಷಾನ್ ಪ್ರಾಂತ್ಯದ ಬೆಟ್ಟಗಳ ಕಡೆ.

ಪ್ರಶ್ನೆ: ಪಾಯಸದ ಗಸಗಸೆಯೂ ಇದೇ ಗಿಡದ್ದೇ? (ಮೈಸೂರು)

ಇದೇ ಗಿಡದ್ದೇ. ಅಮಲು ಇರುವುದು ಕಾಯಿಯ ಸಿಪ್ಪೆಯ ಹಾಲಿನಲ್ಲಿ, ಬೀಜದಲ್ಲಲ್ಲ. ನಮ್ಮಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಕೇಂದ್ರದ ಪರವಾನಗಿ ಪಡೆದು ಬೆಳೆಯುತ್ತಾರೆ. ಆಮದಾಗುವುದರಲ್ಲಿ ಟರ್ಕಿಯದು ದೊಡ್ಡ ಪಾಲು. ಅಮೆರಿಕದ ಒತ್ತಡಕ್ಕೆ 1971ರಲ್ಲಿ ನಿಷೇಧ ಘೋಷಿಸಿದ್ದ ಟರ್ಕಿ 1974ರಲ್ಲಿ ಅದನ್ನು ತೆಗೆದು, ಗೀರುವುದನ್ನು ಬಿಡಿಸಿ, ಒಣಗಿದ ಕಾಯನ್ನೇ ಸರ್ಕಾರ ಕೊಳ್ಳುವ ವ್ಯವಸ್ಥೆ ಮಾಡಿತು. ದುಬೈಗೆ ಹೊರಟವರು ಮಾತ್ರ ಗಸಗಸೆ ಕಟ್ಟಿಕೊಳ್ಳಬೇಡಿ, ಅಲ್ಲಿ ಅದು ನಿಷಿದ್ಧ.